ತಕ್ಕಡಿಗೂ ಕುಂಕುಮ

ಆಯುಧಪೂಜೆಯ ದಿನ ಕೃಷ್ಣರಾಜ ಮಾರುಕಟ್ಟೆಯಲ್ಲಿ ಸೇವಂತಿಗೆ ಮಾರುವ ಹೆಂಗಸೊಬ್ಬರು ಎಲೆಕ್ಟ್ರಾನಿಕ್ ತಕ್ಕಡಿಗೂ ಕುಂಕುಮ ಇಟ್ಟಿದ್ದರು. "ಇದಕ್ಕೂ ಪೂಜೆನಾ ಅಮ್ಮಾ?" ಎಂದೆ. "ಅನ್ನ ಕೊಡೋದು ಇದೇ ಅಲ್ವಾ?" ಎಂದರು.

ವಿಜ್ಞಾನದ ಕಾಲದಲ್ಲೂ ಧರ್ಮ ಉಳಿದಿರುವುದು ಬರೀ ಅಜ್ಞಾನದಿಂದ ಎನ್ನುವವರು ಈ ಅನ್ನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅನಂತಮೂರ್ತಿಯವರ 'ಭಾರತೀಪುರ' (1973) ಹಿಡಿದಿದೆ. ಇಂಗ್ಲೆಂಡಿನಿಂದ ಮರಳಿದ ಜಗನ್ನಾಥ ಮನೆಯ ಸಾಲಿಗ್ರಾಮವನ್ನು ದಲಿತರಿಂದ ಮುಟ್ಟಿಸಲು ಹೊರಡುತ್ತಾನೆ. ಅದು ಬರೀ ಕಲ್ಲೆಂದು ತೋರಿಸುವ ಹಟದಲ್ಲೇ ಕಲ್ಲಿಗೆ ಮಹಿಮೆ ಬಂದುಬಿಡುತ್ತದೆ. (ವಿಮರ್ಶಕರಿಗೆ ಬಲು ಪ್ರಿಯವಾದ ಜಾಗ ಇದು, ನನಗೂ.) ಆದರೆ ಆ ಊರಿನ ವ್ಯಾಪಾರವೆಲ್ಲ ನಿಂತಿರುವುದು ಮಂಜುನಾಥನ ಮೇಲೆ. ಊರಿಗೆ ಅನ್ನ ಕೊಡುವ ಅದೇ ದೇವರ ಹೆಸರಿನಲ್ಲಿ ದಲಿತರು ಹೊರಗೆ ನಿಂತಿದ್ದಾರೆ. ಜಗನ್ನಾಥನ ಮನಸ್ಸನ್ನಷ್ಟೇ ಬಗೆದ ನನ್ನ ಪ್ರಬಂಧದ ಅಧ್ಯಾಯ ಆ ಅಂಗಡಿಬೀದಿಗೆ ಇಳಿದೇ ಇರಲಿಲ್ಲ. ಮತ್ತೆ ಬರೆಯುತ್ತಿದ್ದೇನೆ.