ಹಳೆಯ ಮೌಂಟನ್ ಬೈಕಿಗೆ ಹೊಸ ಸಸ್ಪೆನ್ಷನ್: ಎಷ್ಟು ಸರಿ?

ಮೌಂಟನ್ ಬೈಕ್ ಕೊಳ್ಳುವವರ ಕಣ್ಣು ಮೊದಲು ಬೀಳುವುದು ಒಂದು ಸಂಖ್ಯೆಯ ಮೇಲೆ. ಮುಂದಿನ ಫೋರ್ಕ್ ಎಷ್ಟು ಮಿಲಿಮೀಟರ್ ಒಳಕ್ಕೆ ಸರಿಯಬಲ್ಲದು ಎಂಬುದೇ ಆ ಸಂಖ್ಯೆ. ಇದನ್ನು 'ಟ್ರಾವೆಲ್' ಎನ್ನುತ್ತಾರೆ. 80ಕ್ಕಿಂತ 100 ಮೇಲು, 100ಕ್ಕಿಂತ 130 ಮೇಲು ಎಂಬ ನಂಬಿಕೆ ಬಲವಾಗಿದೆ. 1990ರ ದಶಕದ ಗಟ್ಟಿ ಚೌಕಟ್ಟಿನ ಸೈಕಲ್ಲನ್ನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡವರು ಕೂಡ ಅದನ್ನು ಉತ್ತಮಪಡಿಸಲು ಹೊರಟಾಗ ಇದೇ ಸಂಖ್ಯೆಯ ಬೆನ್ನು ಹತ್ತುತ್ತಾರೆ. ಇದು ತಪ್ಪು ತುದಿಯಿಂದ ಆರಂಭಿಸಿದ ಕೆಲಸ ಎಂಬುದು ನನ್ನ ಅಭಿಪ್ರಾಯ. ಹಣ ಪೋಲಾಗುವುದು ಮಾತ್ರವಲ್ಲ, ಕೆಲವೊಮ್ಮೆ ಸವಾರನ ಮೂಳೆಗೂ ಇದು ಕುತ್ತು.

ಈ ಮಾತನ್ನು ಪರಿಶೀಲಿಸಲು ಸ್ವಲ್ಪ ಇತಿಹಾಸ ಬೇಕು. ಅಮೆರಿಕದ ಪಾಲ್ ಟರ್ನರ್ ಮೋಟಾರ್ ಸೈಕಲ್ ಪಂದ್ಯಗಳ ಅನುಭವವಿದ್ದ ತಂತ್ರಜ್ಞ. ಅವರು ರೂಪಿಸಿದ ರಾಕ್‌ಶಾಕ್ಸ್ ಆರ್‌ಎಸ್-1 ಫೋರ್ಕಿನ ಟ್ರಾವೆಲ್ ಸುಮಾರು 50 ಮಿ.ಮೀ. ಮಾತ್ರ. ಆದರೂ 1990ರಲ್ಲಿ ಕೊಲರಾಡೊದ ಡುರಾಂಗೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಗ್ರೆಗ್ ಹರ್ಬೋಲ್ಡ್ ಈ ಫೋರ್ಕನ್ನು ಬಳಸಿಯೇ ಇಳಿಜಾರಿನ ಸ್ಪರ್ಧೆ ಗೆದ್ದರು. ಆ 50 ಮಿ.ಮೀ. ಒಳಗೆ ಗಾಳಿಯ ಸ್ಪ್ರಿಂಗ್ ಇತ್ತು, ಅದರ ಜಿಗಿತವನ್ನು ಹಿಡಿದು ನಿಲ್ಲಿಸುವ ಎಣ್ಣೆಯೂ ಇತ್ತು. ಈ ಎರಡನೆಯದನ್ನು ನೆನಪಿಡಿ.

ಸ್ಪ್ರಿಂಗ್ ಶಕ್ತಿಯನ್ನು ಕೂಡಿಡುತ್ತದೆಯೇ ಹೊರತು ಕರಗಿಸುವುದಿಲ್ಲ. ಕಲ್ಲಿಗೆ ಬಡಿದಾಗ ಪಡೆದ ಶಕ್ತಿಯನ್ನು ಮರುಕ್ಷಣವೇ ಸವಾರನ ಕೈಗೆ ಹಿಂತಿರುಗಿಸುತ್ತದೆ. ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ನೂಕಿ ಆ ಶಕ್ತಿಯನ್ನು ಶಾಖವಾಗಿ ಪರಿವರ್ತಿಸುವುದೇ ಅವಮಂದನ. ಬಾಗಿಲಿನ ಮೇಲ್ಭಾಗದಲ್ಲಿರುವ ಹೈಡ್ರಾಲಿಕ್ ಕ್ಲೋಸರ್ ಮಾಡುವುದೂ ಇದನ್ನೇ. ಅದಿಲ್ಲದ ಸ್ಪ್ರಿಂಗ್ ಬಾಗಿಲು ಹೇಗೆ ಬಡಿದುಕೊಳ್ಳುತ್ತದೆಂದು ಎಲ್ಲರೂ ಬಲ್ಲರು.

ಆರ್‌ಎಸ್-1ರ ಹಿಂದೆಯೇ ಇಲಾಸ್ಟೊಮರ್ ಎಂಬ ರಬ್ಬರಿನಂಥ ಬಿಲ್ಲೆಗಳ ಫೋರ್ಕುಗಳು ಬಂದವು. ಹಗುರ, ಅಗ್ಗ, ಸೋರಲು ಎಣ್ಣೆಯೇ ಇಲ್ಲ! ರಬ್ಬರಿನ ಒಳಘರ್ಷಣೆಯೇ ಸಾಕಷ್ಟು ಅವಮಂದನ ಕೊಡುತ್ತದೆ ಎಂಬ ಸಮರ್ಥನೆಯೂ ಇತ್ತು. ಅದು ಅರ್ಧ ಸತ್ಯ. ಚಳಿಯಲ್ಲಿ ಈ ಬಿಲ್ಲೆಗಳು ಗಡುಸಾಗುತ್ತವೆ. ಹತ್ತಾರು ವರ್ಷ ಕಳೆದ ಮೇಲೆ ಕೆಲವು ಬೆಲ್ಲದ ಪಾಕದಂತೆ ಅಂಟಂಟಾಗಿ ಕೊಳವೆಯೊಳಗೆ ಹಿಡಿದುಕೊಳ್ಳುತ್ತವೆ. ಆ ದಶಕದ ನಡುವೆ ಬಂದ ಜೂಡಿ ಫೋರ್ಕಿನಲ್ಲಿ ಇಲಾಸ್ಟೊಮರ್ ಜೊತೆಗೆ ಒಂದು ಕಾಲಿನೊಳಗೆ ಮುಚ್ಚಿದ ಎಣ್ಣೆಯ ನಳಿಗೆಯನ್ನೂ ಇಟ್ಟರು. ಆಲೋಚನೆ ಸರಿಯಾಗಿತ್ತು, ಆದರೆ ನಳಿಗೆಯ ಸೀಲು ಸೋತು ಎಣ್ಣೆ ಹೋದ ಫೋರ್ಕುಗಳು ಹಳೆಯ ಸೈಕಲ್ಲುಗಳಲ್ಲಿ ಸಾಮಾನ್ಯ. ಹೊರಗಿನಿಂದ ನೋಡಿದರೆ ಏನೂ ತಿಳಿಯದು. ಹ್ಯಾಂಡಲ್ ಒತ್ತಿ ಬಿಟ್ಟಾಗ ಪಟ್ಟನೆ ಪುಟಿಯುವುದೇ ಇದರ ಲಕ್ಷಣ. 1997ರ ಮಾದರಿಯಾಗಿ ಬಂದ ಮಾರ್ಝೋಕಿ ಬಾಂಬರ್ ಝಡ್-1 ನಳಿಗೆಯ ಗೋಜಿಗೇ ಹೋಗಲಿಲ್ಲ. ಉಕ್ಕಿನ ಸುರುಳಿ ಸ್ಪ್ರಿಂಗುಗಳನ್ನು ತೆರೆದ ಎಣ್ಣೆಯಲ್ಲಿಯೇ ಮುಳುಗಿಸಿಟ್ಟಿತು. ತೂಕ ಹೆಚ್ಚಾಯಿತು, ನಿಜ. ಆದರೆ ಅದೇ ಎಣ್ಣೆ ಒಳಗಿನ ಬುಷ್‌ಗಳಿಗೂ ಜಾರುವಿಕೆ ಒದಗಿಸಿತು. ವಿನ್ಯಾಸವೆಂದು ತೂಗಿದರೆ ನನ್ನ ಮತ ಇದಕ್ಕೇ.

ಈಗ ಹಳೆಯ ಚೌಕಟ್ಟಿಗೆ ಉದ್ದದ ಫೋರ್ಕ್ ಹಾಕುವ ಪ್ರಶ್ನೆಗೆ ಬರೋಣ. 80 ಮಿ.ಮೀ. ಟ್ರಾವೆಲ್‌ನ ಹಳೆಯ ಫೋರ್ಕಿನಲ್ಲಿ ಚಕ್ರದ ಅಚ್ಚಿನಿಂದ ಫೋರ್ಕಿನ ಕಿರೀಟದವರೆಗಿನ ಉದ್ದ ಸುಮಾರು 450 ಮಿ.ಮೀ. ಇದರ ಬದಲು 500 ಮಿ.ಮೀ. ಉದ್ದದ್ದನ್ನು ಹಾಕಿದಿರೆನ್ನಿ. ಎರಡು ಚಕ್ರಗಳ ನಡುವಿನ ಅಂತರ 1050 ಮಿ.ಮೀ. ಇದ್ದರೆ, ಮುಂಭಾಗ 50 ಮಿ.ಮೀ. ಏರಿದಾಗ ಇಡೀ ಚೌಕಟ್ಟು ಸುಮಾರು 2.7 ಡಿಗ್ರಿ ಹಿಂದಕ್ಕೆ ವಾಲುತ್ತದೆ. ಸವಾರ ಹತ್ತಿದಾಗ ಉದ್ದದ ಫೋರ್ಕ್ ತುಸು ಹೆಚ್ಚು ಕುಸಿಯುವುದರಿಂದ ಇದು ಸ್ವಲ್ಪ ಇಳಿಯಬಹುದು. ಪೆಡಲಿನ ಅಚ್ಚು ಸುಮಾರು 20 ಮಿ.ಮೀ. ಮೇಲೇರುತ್ತದೆ. ಇಂದಿನ ಸೈಕಲ್ಲುಗಳಲ್ಲಿಯೂ ಮುಂಭಾಗ ಹೀಗೆಯೇ ವಾಲಿದೆಯಲ್ಲ ಎಂದು ಕೆಲವರು ವಾದಿಸುತ್ತಾರೆ. ಹೌದು, ಆದರೆ ಅವುಗಳಲ್ಲಿ ಸೀಟಿನ ಕೊಳವೆಯನ್ನು ಬೇರೆಯಾಗಿ ನೆಟ್ಟಗೆ ಮಾಡಿ, ಚೌಕಟ್ಟನ್ನು ಉದ್ದ ಮಾಡಿ ತೂಕವನ್ನು ಸರಿತೂಗಿಸಿದ್ದಾರೆ. ನಿಮ್ಮ ಹಳೆಯ ಚೌಕಟ್ಟಿನಲ್ಲಿ ಸೀಟೂ ಜೊತೆಗೇ ಹಿಂದಕ್ಕೆ ವಾಲುತ್ತದೆ. ಏರು ಹತ್ತುವಾಗ ಮುಂಚಕ್ರ ಹಗುರಾಗಿ ಅತ್ತಿತ್ತ ಅಲೆಯುತ್ತದೆ.

ಇದಕ್ಕಿಂತ ಗಂಭೀರವಾದದ್ದು ಬಾಗುಬಲ. ಅಚ್ಚಿನ ಮೇಲೆ ಅಡ್ಡಲಾಗಿ ಬೀಳುವ ಅದೇ ಹೊಡೆತ, ಉದ್ದದ ಫೋರ್ಕಿನ ಮೂಲಕ ಹೆಡ್ ಟ್ಯೂಬಿನ ಬೆಸುಗೆಯ ಮೇಲೆ ಒಂಬತ್ತರಲ್ಲಿ ಒಂದು ಪಾಲು ಹೆಚ್ಚು ಬಾಗುಬಲ ಹಾಕುತ್ತದೆ. ಚೌಕಟ್ಟು ಕಟ್ಟಿದವರ ಲೆಕ್ಕದಲ್ಲಿ ಇದು ಇರಲಿಲ್ಲ. ಲೋಹದ ದಣಿವು ಸದ್ದಿಲ್ಲದೆ ಬೆಳೆಯುವಂಥದು. ಜೋಡಣೆಯ ತೊಡಕುಗಳು ಬೇರೆ. ಹಳೆಯ ಚೌಕಟ್ಟಿಗೆ 28.6 ಮಿ.ಮೀ. ನೇರ ಕೊಳವೆ ಬೇಕು. ಇಂದಿನ ಬಹುಪಾಲು ಫೋರ್ಕುಗಳ ಕೊಳವೆ ಕೆಳಗೆ ಅಗಲವಾಗುತ್ತದೆ, ಅವುಗಳಲ್ಲಿ ರಿಮ್ ಬ್ರೇಕ್ ಕೂರಿಸುವ ಗೂಟಗಳೂ ಇರುವುದಿಲ್ಲ.

ಹಾಗಾದರೆ ಏನು ಮಾಡಬಹುದು? ಉದ್ದ ಹಾಗೆಯೇ ಇರಲಿ, ಒಳಭಾಗ ಬದಲಾಗಲಿ. ಕರಗಿದ ಇಲಾಸ್ಟೊಮರ್ ತೆಗೆದು ಅಳತೆಗೆ ಹೊಂದುವ ಉಕ್ಕಿನ ಸ್ಪ್ರಿಂಗ್, ಹೊಸ ಸೀಲು, ಹೊಸ ಎಣ್ಣೆ. ಎಣ್ಣೆಯ ಸ್ನಿಗ್ಧತೆ ಹೆಚ್ಚಿದಷ್ಟೂ ಅವಮಂದನ ಹೆಚ್ಚು.

ಆಮೇಲೆ ಹೊಂದಾಣಿಕೆ. ಒಳ ಕೊಳವೆಗೆ ಒಂದು ಪ್ಲಾಸ್ಟಿಕ್ ಪಟ್ಟಿಯನ್ನು ಸಡಿಲವಾಗಿ ಕಟ್ಟಿ, ಗೋಡೆಗೆ ಒರಗಿ ಸವಾರಿಯ ಭಂಗಿಯಲ್ಲಿ ನಿಧಾನವಾಗಿ ಹತ್ತಿ ಇಳಿಯಿರಿ. ಪಟ್ಟಿ ಎಷ್ಟು ಸರಿದಿದೆಯೋ ಅದೇ 'ಸ್ಯಾಗ್', ಅಂದರೆ ನಿಮ್ಮ ಭಾರಕ್ಕೆ ಆದ ಕುಸಿತ. ಮುಂದೆ ಟ್ರಾವೆಲ್‌ನ ಶೇಕಡಾ 20ರಿಂದ 25, ಹಿಂದೆ 25ರಿಂದ 30 ಇದ್ದರೆ ಸರಿ. ಚಕ್ರ ಗುಂಡಿಗೂ ಇಳಿಯಬೇಕಲ್ಲ, ಅದಕ್ಕಾಗಿ ಈ ಕುಸಿತ. ಇದರಲ್ಲೊಂದು ಸ್ವಾರಸ್ಯವಿದೆ. ಸಾದಾ ಸ್ಪ್ರಿಂಗಿನ ಸ್ವಾಭಾವಿಕ ಆವೃತ್ತಿಯನ್ನು ಕುಸಿತವೊಂದರಿಂದಲೇ ಲೆಕ್ಕ ಹಾಕಬಹುದು, ಸವಾರನ ತೂಕ ಬೇಕಿಲ್ಲ. 25 ಮಿ.ಮೀ. ಕುಸಿದರೆ ಸೆಕೆಂಡಿಗೆ ಸುಮಾರು 3 ಆಂದೋಲನ, 16 ಮಿ.ಮೀ. ಕುಸಿದರೆ ಸುಮಾರು 4.

ಹಿಂದೆಯೂ ಸಸ್ಪೆನ್ಷನ್ ಇದ್ದರೆ ಸನ್ನೆಯ ನಿಯಮ ಸೇರಿಕೊಳ್ಳುತ್ತದೆ. ಚಕ್ರ 100 ಮಿ.ಮೀ. ಸರಿದಾಗ ಶಾಕ್ 40 ಮಿ.ಮೀ. ಸರಿದರೆ ಅನುಪಾತ 2.5. ಹಿಂಚಕ್ರದ ಮೇಲೆ 450 ನ್ಯೂಟನ್ ಭಾರ ಬಿದ್ದು 25 ಮಿ.ಮೀ. ಕುಸಿಯಬೇಕಾದರೆ ಚಕ್ರದ ಬಳಿ ಮಿಲಿಮೀಟರಿಗೆ 18 ನ್ಯೂಟನ್ ಬಿಗಿತ ಸಾಕು. ಶಾಕ್‌ನ ಸ್ಪ್ರಿಂಗಿಗೆ ಇದನ್ನು 2.5ರ ವರ್ಗದಿಂದ ಗುಣಿಸಬೇಕು: 112.5. ಸ್ಪ್ರಿಂಗುಗಳ ಮೇಲೆ ಅಚ್ಚೊತ್ತಿರುವ ಅಂಗುಲಕ್ಕೆ ಪೌಂಡ್ ಲೆಕ್ಕದಲ್ಲಿ ಇದು ಸುಮಾರು 640. ಸ್ಪ್ರಿಂಗ್ ಮೃದುವಾಯಿತೆಂದು ಪ್ರೀಲೋಡ್ ಬಿರಡೆಯನ್ನು ತಿರುಗಿಸಿ ಬಿಗಿ ಮಾಡುವವರೇ ಹೆಚ್ಚು. ಬಿರಡೆ ಸ್ಪ್ರಿಂಗಿನ ಬಿಗಿತವನ್ನು ಒಂದಿಷ್ಟೂ ಬದಲಿಸುವುದಿಲ್ಲ, ಆರಂಭದ ಎತ್ತರವನ್ನಷ್ಟೇ ಬದಲಿಸುತ್ತದೆ. ಎರಡು ಸುತ್ತಿಗಿಂತ ಹೆಚ್ಚು ಬೇಕಾದರೆ ಸ್ಪ್ರಿಂಗನ್ನೇ ಬದಲಿಸುವುದು ಮೇಲು.

ಟ್ರೆಕ್ ಕಂಪನಿಯ ವೈ ಮಾದರಿಯಂಥ ಚೌಕಟ್ಟುಗಳಿಗೆ ಮಾತ್ರ ಯಾವ ಸ್ಪ್ರಿಂಗೂ ಪೂರ್ಣ ಪರಿಹಾರವಲ್ಲ. ಅವುಗಳಲ್ಲಿ ಪೆಡಲಿನ ಅಚ್ಚು ಹಿಂದಿನ ತ್ರಿಕೋನಕ್ಕೇ ಸೇರಿದೆ. ಎದ್ದುನಿಂತು ತುಳಿದಾಗ ಸವಾರನ ಭಾರವೆಲ್ಲ ಆ ತ್ರಿಕೋನದ ಮೇಲೆಯೇ ಬಿದ್ದು ಸಸ್ಪೆನ್ಷನ್ ಬಹುಮಟ್ಟಿಗೆ ಮರಗಟ್ಟುತ್ತದೆ. ಕಡಿದಾದ ಇಳಿಜಾರಿನಲ್ಲಿ ಎಲ್ಲರೂ ನಿಲ್ಲುವುದೇ ಹಾಗೆ! ನೋಡಲು ಸೊಗಸಾದ ಸೈಕಲ್ಲು, ಬೇಕಾದಾಗಲೇ ಕೈಕೊಡುವ ಯಂತ್ರ. ನಮ್ಮ ಊರುಗಳಲ್ಲಿ ಮಕ್ಕಳಿಗಾಗಿ ಮಾರುವ ಅಗ್ಗದ 'ಡಬಲ್ ಶಾಕ್' ಸೈಕಲ್ಲುಗಳ ಕಥೆ ಇನ್ನೂ ಕೆಳಗಿನದು. ಎಷ್ಟೋ ಸೈಕಲ್ಲುಗಳಲ್ಲಿ ಹಿಂದೆ ಬರೀ ಸ್ಪ್ರಿಂಗ್, ಎಣ್ಣೆಯ ತೊಟ್ಟೂ ಇಲ್ಲ. ಮಗು ತುಳಿದ ಶ್ರಮದ ಒಂದು ಪಾಲು ಅದನ್ನು ಕುಣಿಸುವುದಕ್ಕೇ ಹೋಗುತ್ತದೆ.

ಕೊನೆಗೆ ಹಿಂಪುಟಿತದ ಪರೀಕ್ಷೆ. ರಸ್ತೆ ಬದಿಯ ಕಟ್ಟೆಯಿಂದ ಸೀಟಿನ ಮೇಲೆ ಕುಳಿತೇ ಮೆಲ್ಲಗೆ ಇಳಿಯಿರಿ. ಸೈಕಲ್ ಒಮ್ಮೆ ಪುಟಿದು ನಿಲ್ಲಬೇಕು. ಎರಡು ಮೂರು ಸಲ ಕುಣಿದರೆ ಅವಮಂದನ ಕಡಿಮೆ. ತೀರಾ ನಿಧಾನವಾಗಿ ಏಳುವಂತೆ ಬಿಗಿದರೂ ತಪ್ಪೇ. ಸಾಲು ಕಲ್ಲುಗಳ ಮೇಲೆ ಫೋರ್ಕ್ ಏಳುವ ಮೊದಲೇ ಮುಂದಿನ ಪೆಟ್ಟು ಬಿದ್ದು, ಕುಸಿಯುತ್ತ ಕುಸಿಯುತ್ತ ಕೆಳಗೇ ಉಳಿಯುತ್ತದೆ. ಇಷ್ಟೆಲ್ಲ ಆರಂಭಿಸುವ ಮುನ್ನ ಹೆಡ್ ಟ್ಯೂಬಿನ ಬೆಸುಗೆಯನ್ನು ಚೆನ್ನಾಗಿ ಒರೆಸಿ ಬೆಳಕಿನಲ್ಲಿ ನೋಡಿ. ಅಲ್ಲಿ ಬಣ್ಣದ ಮೇಲೆ ಕೂದಲೆಳೆಯಂಥ ಗೆರೆ ಕಂಡರೆ ಆ ಚೌಕಟ್ಟಿನ ಮೇಲೆ ಒಂದು ರೂಪಾಯಿಯನ್ನೂ ಹಾಕಬೇಡಿ.