ಅಡಿಟಿಪ್ಪಣಿಯಲ್ಲಿ ಇಲ್ಲದ ನೀಲಗಾರ

ಮಂಟೇಸ್ವಾಮಿ ಕಾವ್ಯದ ಮೇಲೆ ಚಾಮರಾಜನಗರ ಕಡೆಯ ಹುಡುಗನೊಬ್ಬ ಬರೆದ ಪಿಎಚ್.ಡಿ. ಪ್ರಬಂಧದ ಕರಡು ಓದುತ್ತಿದ್ದೆ. ಬರವಣಿಗೆಯಲ್ಲಿ ಕಸುವಿತ್ತು. ನನ್ನನ್ನು ತಡೆದದ್ದು ಒಂದು ಅಡಿಟಿಪ್ಪಣಿ. ಯೂಟ್ಯೂಬಿನಲ್ಲಿ ಕೇಳಿದ ಹಾಡಿನ ಒಂದು ಸಾಲಿಗೆ ಆಧಾರ ಕೊಟ್ಟಿದ್ದಾನೆ: ಲೇಖಕರ ಜಾಗದಲ್ಲಿ ಯಾವುದೋ ಚಾನೆಲ್ಲಿನ ಹೆಸರು, ಆಮೇಲೆ ದಿನಾಂಕ, ಶೀರ್ಷಿಕೆ, ಕೊಂಡಿ.

"ಹಾಡಿದೋರು ಯಾರಪ್ಪ?" ಅಂದೆ.

"ನಮ್ಮ ಪಕ್ಕದೂರ್ನೋರೇ ಸಾ, ನಮ್ಮ ತಾತಂಗೆ ಗೊತ್ತು. ಆದ್ರೆ ಎಪಿಎ ಪದ್ಧತೀಲಿ ಹಾಡ್ದೋರ್ಗೆ ಜಾಗವೇ ಇಲ್ವಂತೆ."

ಅವನದು ಪೂರ್ತಿ ತಪ್ಪಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಎಪಿಎ ಕೈಪಿಡಿಯ ಏಳನೆಯ ಆವೃತ್ತಿಯ (2019) ಪ್ರಕಾರ ವಿಡಿಯೋ ಏರಿಸಿದವರೇ ಲೇಖಕರ ಜಾಗದಲ್ಲಿ ಬರಬೇಕು. ಅವರೇ ಅದನ್ನು ಸೃಷ್ಟಿಸಿದ್ದಾರೆ ಅಂತಲ್ಲ, ಹುಡುಕುವವರಿಗೆ ಸಿಗಲಿ ಅಂತ. ಉಳಿದವರ ಪಾಲನ್ನು ಬರಹದೊಳಗೆ ಹೇಳಿಕೊಳ್ಳಬಹುದೆಂದೂ ಅದೇ ಪದ್ಧತಿ ಹೇಳುತ್ತದೆ. ಎಂಎಲ್ಎ ಪದ್ಧತಿಯಲ್ಲಂತೂ ನಮ್ಮ ಚರ್ಚೆ ಹಾಡುಗಾರನ ಕುರಿತೇ ಆಗಿದ್ದರೆ ಅವನ ಹೆಸರಿನಿಂದಲೇ ಶುರು ಮಾಡಬಹುದು. ನಮ್ಮ ತರಗತಿಗಳಲ್ಲಿ ಮೊದಲ ಮಾತು ಕಲಿಸುತ್ತಾರೆ, ಮಿಕ್ಕದ್ದನ್ನು ನುಂಗಿಕೊಳ್ಳುತ್ತಾರೆ.

ಇದು ಬರೀ ಅಲ್ಪವಿರಾಮ, ಪೂರ್ಣವಿರಾಮದ ತಕರಾರಲ್ಲ. ಮಂಟೇಸ್ವಾಮಿಯನ್ನು ತಂಬೂರಿ ಹಿಡಿದು ರಾತ್ರಿಯಿಡೀ ಹಾಡಿ ಉಳಿಸಿಕೊಂಡವರು ನೀಲಗಾರರು. ಅವರಲ್ಲಿ ಹೆಚ್ಚಿನವರು ನಮ್ಮ ಕೇರಿಯವರು. ಅಕ್ಷರಸ್ಥರು ಅದನ್ನು 'ಜನಪದ' ಎಂದು ಕರೆದ ಗಳಿಗೆಯಲ್ಲೇ ಹಾಡಿದವನು ಅನಾಮಿಕನಾದ. ಸಂಪಾದಕರ ಹೆಸರು ಮುಖಪುಟಕ್ಕೆ, ಹಾಡಿದವನು ಒಳಪುಟದಲ್ಲೆಲ್ಲೋ 'ವಕ್ತೃ'. ಹಾಗಲ್ಲದ ಪುಸ್ತಕಗಳೂ ಇವೆ ಅನ್ನಿ. ಮಲೆ ಮಾದೇಶ್ವರ ಕಾವ್ಯದ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ 2001ರಲ್ಲಿ ತಂದಾಗ, ಅದು ಹೆಬ್ಬಣಿ ಮಾದಯ್ಯ ಮತ್ತು ತಂಡದವರು ಹಾಡಿದ್ದು ಎಂದು ಪುಸ್ತಕದ ಹೆಸರಿನ ಜೊತೆಗೇ ಅಚ್ಚಾಯಿತು. ಅಚ್ಚಿನಲ್ಲಿ ಅಷ್ಟಾದರೂ ದಕ್ಕಿದ್ದನ್ನು ಕೊಂಡಿಯಲ್ಲಿ ಕಳಕೊಳ್ಳಬೇಕೆ?

ಹುಡುಗನಿಗೆ ಹೇಳಿದೆ: ಮೊದಲು ಹಾಡಿದವರ ಹೆಸರು ಬರಿ. ಆಮೇಲೆ ಏರಿಸಿದ ಚಾನೆಲ್ಲು, ತಾರೀಕು, ಕೊಂಡಿ. ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡಿಗೆ ಆ ಸಾಲು ಬರುತ್ತೆ ಅನ್ನೋದನ್ನೂ ಬರಿ, ಯಾಕೆಂದರೆ ಈ ಕಾವ್ಯ ಒಂದು ರಾತ್ರಿ ಹಾಡಿದ ಹಾಗೆ ಇನ್ನೊಂದು ರಾತ್ರಿ ಇರೋದಿಲ್ಲ. ನೋಡಿದ ದಿನವನ್ನೂ ಸೇರಿಸು. ನಾಳೆ ಯಾರಾದರೂ ಆ ವಿಡಿಯೋ ಕಿತ್ತುಹಾಕಬಹುದು. ಹೆಸರು ಹಾಕಬಹುದೇ ಅಂತ ಮಾತ್ರ ಅವರನ್ನೇ ಹೋಗಿ ಕೇಳು.

ಹೋಗಿ ಬಂದ. ಮುಖ ಸಪ್ಪಗಿತ್ತು. ಆ ಹಿರಿಯರು "ನನ್ನದೇನದಪ್ಪ, ನಂಗೆ ಕಲಿಸಿದ ಗುರುವಿನ ಹೆಸ್ರು ಬರಕೋ" ಅಂದರಂತೆ. ಇದಕ್ಕೆ ಎಪಿಎಯಲ್ಲೂ ಜಾಗವಿಲ್ಲ, ಎಂಎಲ್ಎಯಲ್ಲೂ ಇಲ್ಲ. ನನಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ಕಡೆಗೆ ಇಬ್ಬರೂ ಕೂತು ಬರೆದೆವು: ಇಂಥವರಿಂದ ಕಲಿತು ಇಂಥವರು ಹಾಡಿದ್ದು, ಇಂಥ ಚಾನೆಲ್ಲು ಏರಿಸಿದ್ದು. ಮೂರು ಹೆಸರಾಯಿತು, ಟಿಪ್ಪಣಿ ನಾಲ್ಕು ಸಾಲಾಯಿತು. ಮಾರ್ಗದರ್ಶಕರು ಅದರ ಕೆಳಗೆ ಕೆಂಪು ಗೆರೆ ಎಳೆದಿದ್ದಾರಂತೆ. ಹುಡುಗ ಇನ್ನೂ ಅಳಿಸಿಲ್ಲ.