ನೆರಳಿಗೆ ಟೋಡ್ ಲಿಲ್ಲಿಯೇ ಬೇಕೆ?

ನೆರಳಿಗೆ ಯಾವ ಗಿಡ ಹಾಕಲಿ ಎಂದು ಮೈಸೂರಿನ ಯಾವ ನರ್ಸರಿಯಲ್ಲಿ ಕೇಳಿದರೂ ಉತ್ತರ ಸಿದ್ಧವಾಗಿರುತ್ತದೆ: ಮನಿಪ್ಲಾಂಟ್, ಸ್ನೇಕ್ ಪ್ಲಾಂಟ್, ಪೀಸ್ ಲಿಲ್ಲಿ. ಯಾವುದೂ ಸುಲಭಕ್ಕೆ ಸಾಯುವುದಿಲ್ಲ ಎಂಬುದು ಅವುಗಳ ಹೆಗ್ಗಳಿಕೆ. ನನ್ನ ತಕರಾರು ಬೇರೆ. ಯುಗಾದಿಗೆ ಹೇಗಿತ್ತೋ ದೀಪಾವಳಿಗೂ ಹಾಗೆಯೇ ಇರುವ ಗಿಡಕ್ಕೆ ನೀರು ಹಾಕಬಹುದು, ಧೂಳು ಒರೆಸಬಹುದು. ಬೆಳಗ್ಗೆ ಎದ್ದ ಕೂಡಲೇ ಹೋಗಿ ನೋಡಬೇಕು ಎಂದೇನೂ ಅನಿಸುವುದಿಲ್ಲ.

ಇದರಿಂದ ಬೇಸತ್ತವರು ಟೋಡ್ ಲಿಲ್ಲಿಯ ಚಿತ್ರ ನೋಡಿ ಮರುಳಾಗುವುದು ಸಹಜ. ಮರುಳಾಗುವಂಥದ್ದೇ ಹೂವು ಅದು. ಬಿಳಿ ಎಸಳಿನ ತುಂಬ ನೇರಳೆ ಚುಕ್ಕಿ, ನಡುವೆ ಕಾರಂಜಿ ಚಿಮ್ಮಿದಂತೆ ಎದ್ದು ನಿಂತ ಕೇಸರಗಳು. ಜಪಾನ್, ತೈವಾನ್, ಚೀನಾ ಹಾಗೂ ಹಿಮಾಲಯದ ಕಾಡಿನ ನೆರಳೇ ಅದರ ತವರು. ಎಲೆಗೊಬ್ಬರ ತುಂಬಿದ ತಂಪು ಮಣ್ಣು, ಆರದ ತೇವ, ಆಮೇಲೆ ನಿಜವಾದ ಚಳಿಗಾಲ: ಇಷ್ಟು ಅದಕ್ಕೆ ಬೇಕು. ಚಳಿಯಲ್ಲಿ ಗಿಡ ಪೂರ್ತಿ ಒಣಗಿ ನೆಲದೊಳಗೆ ಮಲಗುತ್ತದೆ. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದ್ದರೂ ಮೈಸೂರು ಅಂಥ ಚಳಿಯನ್ನು ಕೊಡಲಾರದು; ಏಪ್ರಿಲ್‌ನ ಒಣ ಸೆಕೆಯನ್ನಂತೂ ಧಾರಾಳವಾಗಿ ಕೊಡುತ್ತದೆ. ಊಟಿಯಲ್ಲಿ ಪ್ರಯತ್ನಿಸಬಹುದಾದ ಗಿಡವನ್ನು ಚಾಮರಾಜಪುರಂನಲ್ಲಿ ನೆಟ್ಟು ಕೊರಗಿಸುವುದನ್ನು ನಾನು ತೋಟಗಾರಿಕೆ ಎನ್ನಲಾರೆ.

ಹಾಗೆಂದು ಇಲ್ಲಿ ನೆರಳಿಗೇನು ಬರವಿಲ್ಲ. 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂದಾಗ ಪ್ಲೇಗಿನ ಪಾಠ ಊರಿಗೆ ಇನ್ನೂ ಹಸಿಯಾಗಿತ್ತು: ಮನೆಗೆ ಗಾಳಿ ಬೆಳಕು ಬೇಕು, ಸುತ್ತ ಜಾಗ ಬೇಕು, ಹಿಂದೆ ಕನ್ಸರ್ವೆನ್ಸಿ ಗಲ್ಲಿ ಬೇಕು. ಬೆಳಕಿಗೆಂದು ಬಿಟ್ಟ ಆ ಜಾಗಗಳಲ್ಲಿ ಎಷ್ಟೋ ಈಗ ಪಕ್ಕದ ಮೂರು ಮಹಡಿಯ ಕಟ್ಟಡದ ನೆರಳಿನಲ್ಲಿವೆ. ಗಿಡ ಹಾಕುವವರು ಸಾಮಾನ್ಯವಾಗಿ ಗಮನಿಸದ ವಿಷಯವೊಂದಿದೆ: ಕಟ್ಟಡದ ನೆರಳೇ ಬೇರೆ, ಮರದ ನೆರಳೇ ಬೇರೆ. ಮಾವಿನ ಬುಡದಲ್ಲಿ ಬೇರುಗಳ ಜತೆ ಸ್ಪರ್ಧೆ. ಹಾಕಿದ ನೀರು ಗಿಡಕ್ಕಿಂತ ಮೊದಲು ಮರಕ್ಕೇ ಸಲ್ಲುತ್ತದೆ. ಕಟ್ಟಡದ ಪಕ್ಕದಲ್ಲಿ ಆ ಸ್ಪರ್ಧೆಯಿಲ್ಲ, ಮೇಲಿನಿಂದ ಬೆಳಕೂ ಬೀಳುತ್ತದೆ. ಆದರೆ ಸಜ್ಜದ ಕೆಳಗೆ ಮಳೆ ಹನಿ ತಲುಪುವುದಿಲ್ಲ. ಇದನ್ನು ನೋಡದೆ ಎರಡಕ್ಕೂ ಒಂದೇ ಗಿಡ ಕೊಡುವ ನರ್ಸರಿಯ ಸಲಹೆ ಅರ್ಧ ಸಲಹೆ.

ಮರದ ನೆರಳಿಗೆ ಕುಂಡ, ಕಟ್ಟಡದ ನೆರಳಿಗೆ ನೆಲ. ಎರಡಕ್ಕೂ ನನ್ನ ಆಯ್ಕೆ ನೆಲಸಂಪಿಗೆ. ಚಳಿಗಾಲವಿಡೀ ಬರೀ ಮಣ್ಣು. ಬೇಸಗೆಯ ಮೊದಲ ಮಳೆ ಬೀಳುವ ಹೊತ್ತಿಗೆ ಎಲೆಯೂ ಇಲ್ಲದೆ, ಕಾಂಡವೂ ಇಲ್ಲದೆ ಆ ಮಣ್ಣಿನಿಂದ ನೇರವಾಗಿ ಹೂವೇ ಏಳುತ್ತದೆ. ಎರಡು ಅಗಲ ಬಿಳಿ ಪಕಳೆ ನೆಟ್ಟಗೆ, ಅವುಗಳ ಕೆಳಗೆ ಎರಡಾಗಿ ಸೀಳಿದ ನೇರಳೆ ತುಟಿ, ಹಿಂದೆ ಸಪೂರ ಬಿಳಿ ಎಸಳುಗಳು. ಪರಿಮಳ ಸಿಗಬೇಕಾದರೆ ಕುಕ್ಕರುಗಾಲಲ್ಲಿ ಕೂರಲೇಬೇಕು. ಹೂವಿನ ಸರದಿ ಮುಗಿದ ಮೇಲೆ ಎಲೆ: ಮೇಲೆ ಬೆಳ್ಳಿ ಬಳಿದ ಹಸಿರು, ತಿರುಗಿಸಿದರೆ ಕೆನ್ನೇರಳೆ. 1753ರಲ್ಲಿ ಲಿನ್ನೇಯಸ್ ಇದಕ್ಕೆ ಕೆಂಪ್‌ಫೀರಿಯ ರೊಟಂಡ ಎಂದು ಹೆಸರಿಟ್ಟ. ಕೆಂಪ್‌ಫರ್ ಎಂಬಾತ 1690ರಿಂದ 1692ರವರೆಗೆ ಜಪಾನಿನಲ್ಲಿದ್ದು ಅಲ್ಲಿನ ಗಿಡಗಳನ್ನು ದಾಖಲಿಸಿದ ಜರ್ಮನ್ ವೈದ್ಯ. ಟೋಡ್ ಲಿಲ್ಲಿಯ ನಾಡನ್ನು ಕಂಡವನ ಹೆಸರು ನಮ್ಮ ಹಿತ್ತಲಿನ ಗೆಡ್ಡೆಗೆ ಬಿದ್ದದ್ದು ತಮಾಷೆಯೇ ಸರಿ.

ದೋಷಗಳಿಲ್ಲವೆ? ಇವೆ. ಒಂದು ಹೂವಿನ ಬಾಳು ಒಂದೇ ದಿನ. ಗೆಡ್ಡೆಗಳು ಒತ್ತಾಗಿ ಹಬ್ಬಿದ ಮೇಲಷ್ಟೇ ಸರದಿ ಉದ್ದವಾಗುತ್ತದೆ. ಮಲಗಿದ ಗೆಡ್ಡೆಗೆ ನೀರು ಹಾಕಿದರೆ ಕೊಳೆಯುತ್ತದೆ, ಸಂಪು ತುಂಬಿ ಹರಿಯುವ ಮೂಲೆಯಂತೂ ಖಂಡಿತ ಬೇಡ. ಕೆಮ್ಮಣ್ಣು, ಎಲೆಗೊಬ್ಬರ, ಸ್ವಲ್ಪ ಮರಳು ಬೆರೆಸಿ ಎರಡು ಅಂಗುಲ ಆಳಕ್ಕೆ ಇಟ್ಟರೆ ಸಾಕು. ಇನ್ನೊಂದು ಕಷ್ಟ ಮನೆಯವರಿಂದ: ಖಾಲಿ ಕುಂಡ ಎಂದುಕೊಂಡು ಅದರಲ್ಲಿ ಕೊತ್ತಂಬರಿ ಬಿತ್ತಿಬಿಡುತ್ತಾರೆ. ಗುರುತಿಗೆ ಒಂದು ಕಡ್ಡಿ ಚುಚ್ಚಿಡುವುದು ಒಳ್ಳೆಯದು.

ಇಂಥ ಗಿಡಕ್ಕೆ ಮೈಸೂರಿನಲ್ಲಿ ಮಾನ್ಯತೆ ಕಡಿಮೆ ಏಕೆ ಎಂದರೆ ನಮ್ಮ ಕಣ್ಣನ್ನು ಪಳಗಿಸಿದ್ದೇ ಬಿಸಿಲಿನ ತೋಟ. ಬೃಂದಾವನದಲ್ಲಿ ಗೆರೆ ಎಳೆದಂಥ ಹೂಪಾತಿ. ಕುಪ್ಪಣ್ಣ ಪಾರ್ಕಿನ ದಸರಾ ಫಲಪುಷ್ಪ ಪ್ರದರ್ಶನದಲ್ಲಿ ಸಾಲುಸಾಲು ಚೆಂಡುಹೂ, ಸಾಲ್ವಿಯ, ಗುಲಾಬಿ ಚುಚ್ಚಿ ಕಟ್ಟಿದ ಮಾದರಿಗಳು. ದೂರದಿಂದ, ನಿಂತು, ಗುಂಪಿನಲ್ಲಿ ನೋಡುವುದಕ್ಕೆ ಅವು ಹೇಳಿ ಮಾಡಿಸಿದಂತಿವೆ. ಬಗ್ಗಿ ನೋಡಬೇಕಾದ ಹೂವಿಗೆ ಅಲ್ಲಿ ಜಾಗವಿಲ್ಲ. ಜಾಗ ಕೊಟ್ಟರೂ ದಸರಾ ಹೊತ್ತಿಗೆ ನೆಲಸಂಪಿಗೆ ಎಲೆ ಮಾತ್ರ ತೋರಿಸೀತು.

ಟೋಡ್ ಲಿಲ್ಲಿಯ ಪರವಾಗಿ ಉಳಿಯುವ ವಾದ ಇದೊಂದೇ: ಅದು ಅರಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ನಮ್ಮ ನೆರಳು ಹೂವಿಲ್ಲದೆ ಬಣಗುಡುವಾಗ. ವಾದ ಸರಿಯಾಗಿದೆ. ಆದರೆ ಬೆಳಗಿನ ಬಿಸಿಲು ಎರಡು ಮೂರು ಗಂಟೆ ಬಿದ್ದುಹೋಗುವ ನೆರಳಿನ ಅಂಚಿನಲ್ಲಿ ಜೂನ್ ಕೊನೆಗೆ ಕರ್ಣಕುಂಡಲದ ಬೀಜ ಉದುರಿಸಿದರೆ ಗೌರಿ ಹಬ್ಬದ ಹೊತ್ತಿಗೆ ಹೂ ಬರುತ್ತದೆ. ಮತ್ತೊಮ್ಮೆ ಜುಲೈ ಕೊನೆಗೆ ಉದುರಿಸಿದರೆ ದಸರೆಗೂ ಹೂವಿರುತ್ತದೆ. ಕಾಯಿ ಸಿಡಿದು ಬಿದ್ದ ಬೀಜವೇ ಮುಂದಿನ ಮಳೆಗೆ ತಾನಾಗಿ ಮೊಳೆಯುವುದೂ ಉಂಟು.